ಪುಸ್ತಕ ಭಂಡಾರದಲ್ಲಿ ದಾರಿ ಕಂಡುಕೊಳ್ಳುವುದು



ಹೊಸ ಊರಿಗೆ ಹೋದವನು ದಾರಿ ತಿಳಿಯದಿದ್ದರೆ ನಾಚಿಕೆಪಡುವುದಿಲ್ಲ. ಚೌಕದಲ್ಲಿ ನಿಂತು, ಎದುರಿಗೆ ಬಂದವರನ್ನು ಇಂಥವರ ಮನೆ ಯಾವ ಬೀದಿಯಲ್ಲಿದೆಯೆಂದು ಕೇಳುತ್ತಾನೆ. ಅವರೂ ಬೇಸರಿಸದೆ ಹೇಳುತ್ತಾರೆ. ಆದರೆ ಅದೇ ಮನುಷ್ಯನು ಒಂದು ದೊಡ್ಡ ವಿದ್ಯಾಲಯದ ಪುಸ್ತಕ ಭಂಡಾರವನ್ನು ಹೊಕ್ಕನೆಂದರೆ ಅವನ ನಡವಳಿಕೆಯೇ ಬೇರೆಯಾಗುತ್ತದೆ. ತನ್ನ ಅಜ್ಞಾನವನ್ನು ಯಾರಾದರೂ ಕಂಡುಹಿಡಿದಾರೋ ಎಂದು ಅಂಜುತ್ತ, ಎರಡು ಸಾಲು ಕಪಾಟುಗಳ ನಡುವೆ ಒಮ್ಮೆ ಹೋಗಿಬಂದು, ಕೈಗೆ ಸಿಕ್ಕ ಒಂದು ಹೊತ್ತಗೆಯನ್ನು ತೆರೆದು ಮುಚ್ಚಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾನೆ. ಮನೆಯಲ್ಲಿ ಕೇಳಿದರೆ, “ಅಲ್ಲಿ ನಮಗೆ ಬೇಕಾದುದು ಏನೂ ಇಲ್ಲ” ಎನ್ನುತ್ತಾನೆ. ಈ “ಇಲ್ಲ” ಎಂಬ ಮಾತೇ ನಮ್ಮ ಈ ಹೊತ್ತಿನ ಭಾಷಣದ ವಿಷಯ. ಅದು ಎಷ್ಟು ಸುಲಭವಾಗಿ ಬಾಯಿಗೆ ಬರುವುದೋ ಅಷ್ಟು ವಿರಳವಾಗಿ ನಿಜವಾಗಿರುವುದು.

ನಾವು ಪರರ ದೋಷವನ್ನು ಎತ್ತಿ ಆಡುತ್ತಿಲ್ಲ. ಈ ಮಾತನ್ನು ನಾವೇ ಒಮ್ಮೆ ಆಡಿದೆವು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಅವಕಾಶ ನಮಗೆ ದೊರೆಯಲಿಲ್ಲ. ಆದುದರಿಂದ ಮೊದಲು ಆ ಕಥೆಯನ್ನು ಹೇಳಿಬಿಡುವುದು ಒಳ್ಳೆಯದು.

ನಮ್ಮ ತಾತಂದಿರು ನಮ್ಮೂರಿನ ಕೆರೆಯ ನೀರುಗಂಟಿಗಳಾಗಿದ್ದರು. ತೂಬನ್ನು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ಗೊತ್ತುಮಾಡುವುದು, ಮಳೆಗಾಲದ ರಾತ್ರಿಗಳಲ್ಲಿ ಲಾಂದ್ರ ಹಿಡಿದು ಏರಿಯ ಮೇಲೆ ನಡೆದು ನೋಡುವುದು, ಇದು ಅವರ ಕೆಲಸ. ಏರಿಯ ಒಂದು ಭಾಗದಲ್ಲಿ ನೀರು ಒಸರುತ್ತಿದೆಯೆಂದು ಅವರು ಬಹುಕಾಲದಿಂದ ಹೇಳುತ್ತಿದ್ದರು. ಒಂದು ವರ್ಷ ದೊಡ್ಡ ಮಳೆ ಬಂದು ಆ ಭಾಗವೇ ಕುಸಿಯಿತು. ನಾವು ಆಗ ಎಂ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದುತ್ತಿದ್ದೆವು. ಇಂದಿಗೆ ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಮಾತು. ರಜಕ್ಕೆ ಊರಿಗೆ ಹೋದಾಗ ತಾತಂದಿರು ನಮ್ಮನ್ನು ಬಳಿಗೆ ಕರೆದು, “ನೀನು ಓದಿದವನು. ಕೆರೆ ಕಟ್ಟಬೇಕಾದರೆ ಏನೇನು ಇರಬೇಕು, ಯಾವುದು ಇದ್ದರೆ ಕೆಡುತ್ತದೆ ಎಂದು ಹಿಂದಿನವರು ಎಲ್ಲಿಯಾದರೂ ಬರೆದಿಟ್ಟಿದ್ದಾರೆಯೇ, ನಿಮ್ಮ ದೊಡ್ಡ ಪುಸ್ತಕದ ಮನೆಯಲ್ಲಿ ನೋಡಿ ಬಂದು ಹೇಳು” ಎಂದರು.

ನಾವು ಹಿಂದಿರುಗಿ ಭಂಡಾರಕ್ಕೆ ಹೋದೆವು. ಚೀಟಿಗಳ ಪೆಟ್ಟಿಗೆಯಲ್ಲಿ “ಕೆರೆ” ಎಂಬ ಶಬ್ದವನ್ನು ಹುಡುಕಿದೆವು. ಎರಡು ಕಥೆಯ ಪುಸ್ತಕಗಳು, ಒಂದು ನಾಟಕ ಸಿಕ್ಕಿದುವು. ಇಂಗ್ಲಿಷ್ ಚೀಟಿಗಳಲ್ಲಿ “ಟ್ಯಾಂಕ್” ಎಂದು ನೋಡಿದೆವು. ಯುದ್ಧದ ರಥಗಳನ್ನು ಕುರಿತ ಪುಸ್ತಕಗಳು ಕಾಣಿಸಿಕೊಂಡುವು. ನೀರನ್ನು ಅರಸಿಹೋದವರಿಗೆ ಫಿರಂಗಿ ಸಿಕ್ಕಿತು. ಮೂರನೆಯ ದಿನ ಹುಡುಕುವುದನ್ನು ಬಿಟ್ಟೆವು, ಯಾರನ್ನೂ ಕೇಳಲಿಲ್ಲ. ಮುಂದಿನ ರಜದಲ್ಲಿ ತಾತಂದಿರಿಗೆ, “ಏನೂ ಬರೆದಿಲ್ಲ, ತಾತ” ಎಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕೈಯಲ್ಲಿದ್ದುದು ಕೈಯೊಂದಿಗೇ ಹೋಯಿತು” ಎಂದರು. ಎರಡು ವರ್ಷಗಳ ಮೇಲೆ ಅವರು ತೀರಿಕೊಂಡರು.

ಬರೆದಿತ್ತು. ನಾವು ದಿನವೂ ಹಾದುಹೋಗುತ್ತಿದ್ದ ಕಪಾಟಿನಲ್ಲಿಯೇ ಇತ್ತು. ಅದು ನಮಗೆ ಸಿಕ್ಕಿದ ಬಗೆಯನ್ನು ಮುಂದೆ ಹೇಳುವೆವು. ಅದಕ್ಕೆ ಮೊದಲು, ನಾವು ಆಗ ಏನನ್ನು ತಿಳಿದಿರಬೇಕಾಗಿತ್ತು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ ತಿಳಿಯಬೇಕಾದುದು, ಭಂಡಾರದಲ್ಲಿ ಪುಸ್ತಕಗಳನ್ನು ಇಟ್ಟಿರುವ ಕ್ರಮ. ಪುಸ್ತಕದ ಬೆನ್ನಿನ ಮೇಲೆ ಒಂದು ಬಿಳಿಯ ಚೀಟಿ, ಅದರಲ್ಲಿ ಕೆಲವು ಅಂಕಿಗಳು ಇರುವುದನ್ನು ಎಲ್ಲರೂ ಕಂಡಿದ್ದೇವೆ. ಬಹುಮಂದಿ ಅದನ್ನು ಲೆಕ್ಕದ ಗುರುತೆಂದು ತಿಳಿದಿರುವರು. ಅದು ಲೆಕ್ಕವಲ್ಲ, ವಿಳಾಸ. 1876ರಲ್ಲಿ ಅಮೆರಿಕ ದೇಶದ ಮೆಲ್ವಿಲ್ ಡ್ಯೂಯಿ ಎಂಬಾತನು ಮನುಷ್ಯನ ವಿದ್ಯೆಗಳನ್ನೆಲ್ಲ ಹತ್ತು ಪಂಗಡಗಳಾಗಿ ವಿಂಗಡಿಸಿ, ಒಂದೊಂದಕ್ಕೂ ನೂರು ಅಂಕಿಗಳನ್ನು ಕೊಟ್ಟು, ಅವುಗಳ ಒಳಭೇದಗಳನ್ನು ದಶಾಂಶಗಳಿಂದ ತೋರಿಸುವ ಏರ್ಪಾಟನ್ನು ಪ್ರಕಟಿಸಿದನು. ಈ ಏರ್ಪಾಟನ್ನು ಅನುಸರಿಸುವ ಭಂಡಾರಗಳಲ್ಲಿ ಕನ್ನಡ ಭಾಷೆಯ ವಿಚಾರ 494.814ರಲ್ಲಿಯೂ, ಕನ್ನಡ ಸಾಹಿತ್ಯ 894.814ರಲ್ಲಿಯೂ, ಕರ್ಣಾಟಕದ ಚರಿತ್ರೆ 954.87ರಲ್ಲಿಯೂ ಇರುವುವು. ಇದನ್ನು ಒಮ್ಮೆ ಅರಿತವನು ಮೈಸೂರಿನಲ್ಲಿ ನಿಂತರೂ ಲಂಡನ್ನಿನಲ್ಲಿ ನಿಂತರೂ, ಅದೇ ಏರ್ಪಾಟು ಇರುವ ಕಡೆ ಕನ್ನಡ ಪುಸ್ತಕಗಳ ಬಳಿಗೆ ನೇರವಾಗಿ ನಡೆದುಹೋಗಬಲ್ಲನು.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಬಿಂದುವಿನ ಮುಂದಿನ ಅಂಕಿಗಳನ್ನು ದಶಾಂಶವಾಗಿ ಓದಬೇಕೇ ಹೊರತು ಪೂರ್ಣಸಂಖ್ಯೆಯಾಗಿ ಓದತಕ್ಕದ್ದಲ್ಲ. ನೀರಾವರಿಯ ಯಂತ್ರಶಿಲ್ಪಕ್ಕೆ 627.52 ಎಂದೂ, ಅಣೆಕಟ್ಟು ಜಲಾಶಯಗಳಿಗೆ 627.8 ಎಂದೂ ಅಂಕಿಗಳುಂಟು. ಎಂಟು ಐವತ್ತೆರಡಕ್ಕಿಂತ ಚಿಕ್ಕದೆಂದು ಭ್ರಮಿಸಿ 627.8ನ್ನು ಮುಂಚಿನ ಕಪಾಟಿನಲ್ಲಿ ಹುಡುಕಿದರೆ ಅದು ಸಿಕ್ಕುವುದಿಲ್ಲ, ಅದು 627.52ರ ಆಚೆಗೆ ಇರುತ್ತದೆ. ಪದವೀಧರರೂ ಈ ತಪ್ಪನ್ನು ಮಾಡುವುದನ್ನು ನಾವು ಕಂಡಿದ್ದೇವೆ.

ಡ್ಯೂಯಿಯ ಏರ್ಪಾಟಿನಲ್ಲಿ ನಮ್ಮ ದೇಶದ ವಿದ್ಯೆಗಳಿಗೆ ಇಕ್ಕಟ್ಟಾದ ಸ್ಥಳ ಮಾತ್ರ ದೊರೆತಿತ್ತು. ಮದರಾಸಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದು, 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರು 1933ರಲ್ಲಿ ಮತ್ತೊಂದು ವರ್ಗೀಕರಣವನ್ನು ಪ್ರಕಟಿಸಿದರು. ಒಂದು ವಿಷಯವನ್ನು ಅದರ ಅಂಗಗಳಾಗಿ ಬಿಡಿಸಿ, ಆ ಅಂಗಗಳ ಗುರುತುಗಳನ್ನು ವಿರಾಮಚಿಹ್ನೆಗಳಿಂದ ಜೋಡಿಸುವುದು ಅದರ ಕ್ರಮ. ಅವರು ತಮ್ಮ ಕಡೆಗಾಲವನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಅಲ್ಲಿಯೇ ಕಾಲವಾದರು. ನೀವು ಹೋಗುವ ಭಂಡಾರದಲ್ಲಿ ಯಾವ ಏರ್ಪಾಟಿದೆಯೆಂಬುದನ್ನು ಬಾಗಿಲಲ್ಲಿಯೇ ಕೇಳಿ ತಿಳಿದುಕೊಳ್ಳಿರಿ. ಸಾಮಾನ್ಯವಾಗಿ ಕಪಾಟುಗಳ ಕೊನೆಯಲ್ಲಿ ಒಂದು ಪಟ್ಟಿಯನ್ನೂ ತೂಗುಹಾಕಿರುವರು.

ಆದರೆ ಕ್ರಮವನ್ನು ತಿಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪುಸ್ತಕ ಒಂದು, ಅದು ಒಂದೇ ಸ್ಥಳದಲ್ಲಿ ಇರಬಲ್ಲದು. ವಿಷಯವಾದರೋ ಹಲವು ಮುಖಗಳುಳ್ಳದ್ದು. ನಮ್ಮ ಕೆರೆಯನ್ನೇ ತೆಗೆದುಕೊಳ್ಳಿ. ಏರಿ ಕಟ್ಟುವ ಕೌಶಲ 627ರಲ್ಲಿ, ಗದ್ದೆಗೆ ನೀರು ಹಾಯಿಸುವ ಬೇಸಾಯದ ಮಾತು 631ರಲ್ಲಿ, ನೀರಿನ ಹಕ್ಕು ಮತ್ತು ಅರ್ಥವ್ಯವಸ್ಥೆ 333ರಲ್ಲಿ, ಕೆರೆ ಕಟ್ಟಿಸಿದ ದೊರೆಗಳ ಚರಿತ್ರೆ 954ರಲ್ಲಿ, ಕೆರೆಗೆ ಹಾರವಾದ ಹೆಣ್ಣಿನ ಹಾಡು ಸಾಹಿತ್ಯದಲ್ಲಿ. ಒಂದು ಕೆರೆಯ ನೀರು ಹಲವು ಕಾಲುವೆಗಳಲ್ಲಿ ಹರಿದು ಹೋಗಿರುವಾಗ ನಾವು ಒಂದು ಕಾಲುವೆಯ ಬಾಯಲ್ಲಿ ನಿಂತು, ಅದು ಬತ್ತಿರುವುದನ್ನು ಕಂಡು, ಕೆರೆಯೇ ಇಲ್ಲವೆಂದು ಹೇಳಿದಂತಾಯಿತು.

ಹೀಗೆ ಚದರಿಹೋದುದನ್ನು ಒಂದುಗೂಡಿಸುವುದಕ್ಕಾಗಿಯೇ ಗ್ರಂಥಸೂಚಿ ಇದೆ. ಹಿಂದೆ ಅದು ಚೀಟಿಗಳ ಪೆಟ್ಟಿಗೆಯಾಗಿತ್ತು. ಈಗ ಬಹುಪಾಲು ಕಡೆಗಳಲ್ಲಿ ಗಣಕಯಂತ್ರದ ತೆರೆಯಾಗಿದೆ. ಎರಡರ ತತ್ತ್ವವೂ ಒಂದೇ: ಪುಸ್ತಕವನ್ನು ಕರ್ತೃವಿನ ಹೆಸರಿನಿಂದ, ಗ್ರಂಥದ ಹೆಸರಿನಿಂದ, ವಿಷಯದಿಂದ, ಈ ಮೂರು ಬಾಗಿಲುಗಳಿಂದ ಹುಡುಕಬಹುದು. ಮೂರನ್ನೂ ತಟ್ಟದೆ ಹಿಂದಿರುಗಬಾರದು.

ಕರ್ತೃವಿನ ಬಾಗಿಲು ಕನ್ನಡಿಗರಿಗೆ ಸ್ವಲ್ಪ ಬಿಗಿಯಾದುದು. ಇಂಗ್ಲಿಷರಿಗೆ ಮನೆತನದ ಹೆಸರೊಂದು ಕೊನೆಯಲ್ಲಿ ನಿಂತಿರುತ್ತದೆ. ಸೂಚಿಯನ್ನು ಬರೆಯುವವನಿಗೆ ಅನುಮಾನವಿಲ್ಲ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು, ಜಾತಿಸೂಚಕವಾದ ಪದ, ಅದರ ಮೇಲೆ ಕಾವ್ಯನಾಮ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಒಂದು ಭಂಡಾರದವರು “ಮಾಸ್ತಿ” ಎಂದು ಬರೆದಿಟ್ಟರೆ, ಇನ್ನೊಂದು ಕಡೆ “ಅಯ್ಯಂಗಾರ್” ಎಂದೂ, ಮತ್ತೊಂದು ಕಡೆ “ಶ್ರೀನಿವಾಸ” ಎಂದೂ ಬರೆದಿರಬಹುದು. ಕುವೆಂಪು ಅವರು “ಪುಟ್ಟಪ್ಪ” ಎಂಬಲ್ಲಿ, ಡಿ.ವಿ.ಜಿ. ಅವರು “ಗುಂಡಪ್ಪ” ಎಂಬಲ್ಲಿ, ಬೇಂದ್ರೆಯವರು “ಅಂಬಿಕಾತನಯದತ್ತ” ಎಂಬಲ್ಲಿ ಕುಳಿತಿರಬಹುದು. ಒಳ್ಳೆಯ ಸೂಚಿಯಲ್ಲಿ ಒಂದು ಹೆಸರಿನಿಂದ ಇನ್ನೊಂದಕ್ಕೆ ಕೈತೋರಿಸುವ ಸೂಚನೆ ಇರುತ್ತದೆ. ಇಲ್ಲದ ಕಡೆ ನಾವೇ ಎಲ್ಲ ಹೆಸರುಗಳನ್ನೂ ಕೂಗಿ ನೋಡಬೇಕು.

ವಿಷಯದ ಬಾಗಿಲಿನಲ್ಲಿ ತೊಡಕು ಬೇರೆ ಬಗೆಯದು. ಸೂಚಿಯನ್ನು ಮಾಡಿದವರು ಒಂದು ಕಾಲದವರು, ಹುಡುಕುವವರು ಇನ್ನೊಂದು ಕಾಲದವರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಅದಕ್ಕೆ ಹಿಂದಿನ ಪುಸ್ತಕಗಳು “ಮೈಸೂರು” ಎಂಬ ತಲೆಬರಹದ ಕೆಳಗೆ ದೊರೆಯುವುವು. ಇಂಗ್ಲಿಷಿನ ಹಳೆಯ ಗ್ರಂಥಗಳಲ್ಲಿ ನಮ್ಮ ಭಾಷೆಗೆ “ಕ್ಯಾನರೀಸ್” ಎಂದು ಹೆಸರು. ಕೆರೆಗೆ “ಟ್ಯಾಂಕ್” ಎಂಬುದು ನಮ್ಮ ದೇಶದ ಇಂಗ್ಲಿಷ್. ಅಮೆರಿಕದವರು ಮಾಡಿದ ವಿಷಯಪಟ್ಟಿಯಲ್ಲಿ “ನೀರಾವರಿ” ಎಂದೋ “ಜಲಾಶಯ” ಎಂದೋ ನೋಡಬೇಕು. ಸಂಸ್ಕೃತದಲ್ಲಾದರೆ “ತಟಾಕ”, “ಸೇತು”. ಆದುದರಿಂದ ಭಂಡಾರಕ್ಕೆ ಹೋಗುವ ಮುಂಚೆ ಒಂದು ಹಾಳೆಯ ಮೇಲೆ, ನಮಗೆ ಬೇಕಾದ ವಿಷಯಕ್ಕೆ ಎಷ್ಟು ಹೆಸರುಗಳುಂಟೋ ಅಷ್ಟನ್ನೂ ಬರೆದುಕೊಂಡು ಹೋಗುವುದು ಉತ್ತಮ. ಈ ಹತ್ತು ನಿಮಿಷದ ಕೆಲಸವು ಮೂರು ದಿನದ ಅಲೆದಾಟವನ್ನು ತಪ್ಪಿಸುತ್ತದೆ.

ಆ ಹೆಸರುಗಳು ನಮಗೆ ತಿಳಿಯದಿದ್ದರೆ? ಅದಕ್ಕೆ ಉತ್ತರ ಪರಾಮರ್ಶನ ಗ್ರಂಥಗಳ ಕಪಾಟಿನಲ್ಲಿದೆ. ಈ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ. ಅಲ್ಲಿಯೇ ಕುಳಿತು ನೋಡತಕ್ಕವು. ಮನೆಗೆ ಕೊಡುವುದಿಲ್ಲವಾದುದರಿಂದಲೇ ಅನೇಕರು ಅವುಗಳ ಬಳಿ ಸುಳಿಯುವುದಿಲ್ಲ. ಇದು ದೊಡ್ಡ ನಷ್ಟ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು, 1995ರಲ್ಲಿ ಎಂಟು ಸಂಪುಟಗಳಾಗಿ ಮುಗಿದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಇವು ಶಬ್ದಗಳ ಅರ್ಥವನ್ನು ಹೇಳುವುದಲ್ಲದೆ ಅವುಗಳ ಬಂಧುಬಳಗವನ್ನೂ ತೋರಿಸುತ್ತವೆ. ಕವಿಯ ಕಾಲವನ್ನು ತಿಳಿಯಬೇಕಾದರೆ ಆರ್. ನರಸಿಂಹಾಚಾರ್ಯರು ಮೂರು ಸಂಪುಟಗಳಲ್ಲಿ ಹೊರತಂದ ಕರ್ಣಾಟಕ ಕವಿಚರಿತೆ ಇದೆ. ಒಂದು ತಾಲ್ಲೂಕಿನ ಹೊಳೆ ಹಳ್ಳ, ಬೆಳೆ ಮಳೆ, ಸಂತೆ ಸಾಗಾಣಿಕೆಗಳನ್ನು ತಿಳಿಯಲು ರೈಸ್ ಅವರ ಗ್ಯಾಸೆಟಿಯರ್, ಅದರ ತರುವಾಯ ಹಯವದನರಾಯರದು. 1800ನೆಯ ಇಸವಿಯಲ್ಲಿ ನಮ್ಮ ಸೀಮೆಯನ್ನು ಸುತ್ತಿ ಪ್ರತಿಯೊಂದು ಊರಿನ ಬೇಸಾಯವನ್ನು ಬರೆದಿಟ್ಟ ಬುಕಾನನ್ ವೈದ್ಯನ ಪ್ರವಾಸಗ್ರಂಥ ಮೂರು ಸಂಪುಟಗಳಲ್ಲಿ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಕೆರೆಯ ಮಾತು ಧಾರಾಳವಾಗಿದೆ. ಶಾಸನಗಳಿಗೆ ರೈಸ್ ಅವರು ಮೊದಲುಮಾಡಿದ ಎಪಿಗ್ರಾಫಿಯ ಕರ್ನಾಟಿಕ. ಇದರ ಪರಿಷ್ಕೃತ ಮುದ್ರಣವನ್ನು ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ಹೊರತರಲಾರಂಭಿಸಿದರು. ಹಳೆಯ ಮುದ್ರಣದಲ್ಲಿಯೂ ಹೊಸದರಲ್ಲಿಯೂ ಶಾಸನಗಳ ಸಂಖ್ಯೆ ಒಂದೇ ಆಗಿರುವುದಿಲ್ಲ. ಆದುದರಿಂದ ಯಾವ ಮುದ್ರಣವೆಂಬುದನ್ನು ಬರೆದುಕೊಳ್ಳದೆ ಸಂಖ್ಯೆಯನ್ನು ಮಾತ್ರ ಬರೆದುಕೊಂಡವನು ಎರಡನೆಯ ಸಲ ಅದನ್ನು ಕಾಣಲಾರನು.

ಇನ್ನು ನಿಯತಕಾಲಿಕಗಳು. ನಮ್ಮ ತಾತಂದಿರಿಗೆ ತಪ್ಪು ಉತ್ತರವನ್ನು ಕೊಟ್ಟ ಪಾಪವು ನಮಗೆ ಅಂಟಿದುದು ಈ ಸ್ಥಳದಲ್ಲಿ. ಭಂಡಾರದ ಸೂಚಿಯು ಪತ್ರಿಕೆಯ ಹೆಸರನ್ನು ಹೇಳುತ್ತದೆ; ಅದರ ಒಳಗಿನ ಒಂದೊಂದು ಲೇಖನವನ್ನೂ ಹೇಳುವುದಿಲ್ಲ. ಬಟ್ಟೆಯ ರಟ್ಟು ಕಟ್ಟಿಸಿ ಸಾಲಾಗಿ ನಿಲ್ಲಿಸಿದ ಆ ದಪ್ಪ ಸಂಪುಟಗಳೊಳಗೆ ಸಾವಿರಾರು ಬರೆಹಗಳು ಸೂಚಿಯ ಕಣ್ಣಿಗೆ ಬೀಳದೆ ಮಲಗಿವೆ. ಅವುಗಳನ್ನು ತಲಪಲು ಎರಡು ಹಾದಿಗಳು. ಒಂದು, ಸಂಪುಟದ ಕೊನೆಯಲ್ಲಿರುವ ವಿಷಯಾನುಕ್ರಮಣಿಕೆ ಅಥವಾ ಲೇಖನಸೂಚಿಗಳು. ಇನ್ನೊಂದು, ಬೇರೆಯವರ ಪುಸ್ತಕದ ಅಡಿಟಿಪ್ಪಣಿ.

ಅಡಿಟಿಪ್ಪಣಿಯನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಪಾಂಡಿತ್ಯದ ಆಡಂಬರವೆಂದು ತಿಳಿದು ಹಾರಿಸಿಬಿಡುತ್ತಿದ್ದೆವು. ಅದು ನಿಜವಾಗಿ, ನಮಗಿಂತ ಮೊದಲು ಆ ಕಾಡಿನಲ್ಲಿ ಹೋದವನು ಮರದ ಮೇಲೆ ಕೊಡಲಿಯಿಂದ ಕಚ್ಚುಹಾಕಿದ ಗುರುತು. ಉಪನ್ಯಾಸಕರಾಗಿ ಕೆಲವು ವರ್ಷಗಳಾದ ಮೇಲೆ, ಬೇರೊಂದು ಕಾರ್ಯಕ್ಕಾಗಿ ವಿಜಯನಗರದ ಆಡಳಿತವನ್ನು ಕುರಿತ ಒಂದು ಪುಸ್ತಕವನ್ನು ಓದುತ್ತಿದ್ದೆವು. ಒಂದು ಪುಟದ ಕೆಳಗೆ, ಎರಡು ಅಕ್ಷರ, 14 ಎಂಬ ಒಂದು ಸಂಖ್ಯೆ, ಒಂದು ಪುಟಸಂಖ್ಯೆ, ಇಷ್ಟೇ ಇದ್ದಿತು. ಮುನ್ನುಡಿಯ ಬಳಿಯ ಸಂಕೇತಗಳ ಪಟ್ಟಿಯನ್ನು ತಿರುವಿದಾಗ ಆ ಎರಡಕ್ಷರವು ಎಪಿಗ್ರಾಫಿಯ ಇಂಡಿಕ ಎಂದು ತಿಳಿಯಿತು. ಹದಿನಾಲ್ಕನೆಯ ಸಂಪುಟವನ್ನು ತೆಗೆಸಿ ನೋಡಿದೆವು.

ಅದರಲ್ಲಿದ್ದುದು ಪೋರುಮಾಮಿಳ್ಳ ಎಂಬ ಊರಿನ ಕೆರೆಯ ಶಾಸನ. ಆ ಊರು ಈಗ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಕಟ್ಟಿಸಿದ ಕೆರೆ. ಶಾಸನದ ಭಾಷೆ ಸಂಸ್ಕೃತ, ಸಂಪಾದಿಸಿದವರು ವಿ.ಎಸ್. ಸುಕ್ತಂಕರರು. ಕೆರೆಯ ಕೆಲಸಕ್ಕೆ ದಿನಕ್ಕೆ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಮುಗಿಯಲು ಎರಡು ವರ್ಷ ಎಂಬ ಲೆಕ್ಕವೂ ಅದರಲ್ಲಿದೆ. ಅದಕ್ಕಿಂತ ಮಿಗಿಲಾಗಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಆ ಕಲ್ಲು ಒಂದೊಂದಾಗಿ ಎಣಿಸುತ್ತದೆ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ಮಣ್ಣಿನ ನೆಲ, ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ನಡುವೆ ಅತಿಯಾಗಿ ಉದ್ದವಲ್ಲದ ಗಟ್ಟಿ ಕಲ್ಲಿನ ಏರಿ, ಆಳವೂ ವಿಸ್ತಾರವೂ ಆದ ಒಡಲು, ಹತ್ತಿರದಲ್ಲಿ ನೀಳವಾದ ಕಲ್ಲು ದೊರೆಯುವ ಗಣಿ, ಕೆಲಸವನ್ನು ಬಲ್ಲ ಆಳುಗಳು, ಇವೆಲ್ಲ ಅಂಗಗಳಲ್ಲಿ ಸೇರಿದುವು. ದೋಷಗಳಲ್ಲಿ ಏರಿಯಿಂದ ನೀರು ಒಸರುವುದು ಒಂದು. ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಒಡಲಿನ ನಡುವೆ ದಿಬ್ಬವಿರುವುದು ಬೇರೆ ಕೆಲವು. ನೀರು ಕಡಮೆಯಾಗಿ ಗದ್ದೆ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ನೆಲ ಕಡಮೆಯಾಗಿರುವುದು ಉಳಿದುವು.

ಏರಿಯಿಂದ ನೀರು ಒಸರುವುದು! ಇದು ನಮ್ಮ ತಾತಂದಿರ ಬಾಯಿಂದ ನಾವು ಎಷ್ಟೋ ಸಲ ಕೇಳಿದ ಮಾತು. ಈ ಶಾಸನವನ್ನು ಓದಿ ಹೇಳಿದ್ದರೆ ನಮ್ಮೂರ ಏರಿ ಎದ್ದು ನಿಲ್ಲುತ್ತಿತ್ತೆಂದು ನಾವು ಹೇಳುವುದಿಲ್ಲ. ಏರಿಯನ್ನು ನಿಲ್ಲಿಸುವುದು ಮಣ್ಣು, ಕಲ್ಲು ಮತ್ತು ಹಣ. ಆದರೆ ತನ್ನ ಕಸಬಿನ ತಿಳಿವನ್ನು ಬರೆದಿಡುವಷ್ಟು ದೊಡ್ಡದೆಂದು ಯಾರೂ ಎಣಿಸಲಿಲ್ಲ ಎಂಬ ಭಾವನೆಯೊಡನೆ ಒಬ್ಬ ಮುದುಕನು ಲೋಕವನ್ನು ಬಿಟ್ಟುಹೋದನು. ಆ ಭಾವನೆ ಸುಳ್ಳಾಗಿತ್ತು. ಆ ಸುಳ್ಳನ್ನು ಹೇಳಿದವರು ನಾವು. “ಇಲ್ಲ” ಎನ್ನುವುದಕ್ಕೆ ಬದಲಾಗಿ “ನಮಗೆ ಇನ್ನೂ ಸಿಕ್ಕಿಲ್ಲ” ಎಂದು ಹೇಳಿದ್ದರೆ ಸಾಕಾಗಿತ್ತು. ಅದು ನಿಜವೂ ಆಗಿರುತ್ತಿತ್ತು, ನಮ್ಮನ್ನು ಮತ್ತೆ ಹುಡುಕಲು ತಳ್ಳುತ್ತಲೂ ಇತ್ತು.

ಆಗ ನಾವು ಮಾಡಬಹುದಾಗಿದ್ದ ಅತ್ಯಂತ ಸುಲಭವಾದ ಕೆಲಸವೆಂದರೆ ಕೇಳುವುದು. ಗ್ರಂಥಪಾಲನು ಪುಸ್ತಕಗಳನ್ನು ಕಾಯುವವನೆಂಬ ಎಣಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಪುಸ್ತಕವು ಇರುವುದೇ ಬಳಕೆಗಾಗಿ ಎಂಬುದನ್ನು ಮೊದಲ ಸೂತ್ರವಾಗಿಟ್ಟು, ಓದುಗನ ಹೊತ್ತನ್ನು ಉಳಿಸುವುದನ್ನು ಇನ್ನೊಂದು ಸೂತ್ರವಾಗಿ ಸೇರಿಸಿದರು. ಬ್ರಿಟಿಷ್ ಮ್ಯೂಸಿಯಮ್ಮಿನ ಭಂಡಾರದಲ್ಲಿ ಕೆಲಸಮಾಡುತ್ತಿದ್ದ ಪ್ಯಾನಿಜ್ಜಿ ಎಂಬ ಇಟಲಿಯ ದೇಶಭ್ರಷ್ಟನು 1836ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ಸಾಕ್ಷಿ ಹೇಳುತ್ತ, ಬಡ ವಿದ್ಯಾರ್ಥಿಗೂ ದೇಶದ ಅತ್ಯಂತ ಧನಿಕನಿಗೂ ಜ್ಞಾನವನ್ನು ಅರಸುವ ಸೌಕರ್ಯ ಒಂದೇ ಆಗಿರಬೇಕೆಂದು ವಾದಿಸಿದನು. ಐದು ವರ್ಷಗಳ ಮೇಲೆ, 1841ರಲ್ಲಿ, ಗ್ರಂಥಸೂಚಿಯನ್ನು ಮಾಡುವುದಕ್ಕೆ 91 ನಿಯಮಗಳನ್ನು ಅಚ್ಚುಹಾಕಿಸಿದನು. ಈ ಎರಡು ಕಾರ್ಯಗಳಿಗೆ ಸಂಬಂಧವಿಲ್ಲವೆಂದು ತೋರಬಹುದು. ನಮ್ಮ ದೃಷ್ಟಿಯಲ್ಲಿ ಅವು ಒಂದೇ. ಧನಿಕನು ಪುಸ್ತಕವನ್ನು ಕೊಂಡುಕೊಳ್ಳಬಲ್ಲನು, ತನಗಾಗಿ ಹುಡುಕಲು ಒಬ್ಬ ಪಂಡಿತನನ್ನು ಇಟ್ಟುಕೊಳ್ಳಬಲ್ಲನು. ಬಡವನಿಗೆ ಇರುವ ಪಂಡಿತನೆಂದರೆ ಒಳ್ಳೆಯ ಸೂಚಿ ಮತ್ತು ಒಳ್ಳೆಯ ಗ್ರಂಥಪಾಲ.

ಆದರೆ ಕೇಳುವುದಕ್ಕೂ ಒಂದು ರೀತಿಯುಂಟು. “ಕೆರೆಯ ಮೇಲೆ ಪುಸ್ತಕವಿದೆಯೇ?” ಎಂದರೆ ಒಂದು ಪುಸ್ತಕ ಸಿಕ್ಕೀತು. “ಹಿಂದಿನವರು ಕೆರೆ ಕಟ್ಟುವ ಬಗೆಯನ್ನು ಬರೆದಿಟ್ಟಿದ್ದಾರೆಯೇ ಎಂದು ನಮ್ಮ ತಾತ ಕೇಳಿದ್ದಾರೆ, ಇಂತಿಂಥ ಕಡೆ ನೋಡಿದೆ, ಸಿಗಲಿಲ್ಲ” ಎಂದರೆ ಕೇಳಿದವನ ಅಗತ್ಯವೇ ಎದುರಿಗೆ ಬಂದು ನಿಲ್ಲುತ್ತದೆ. ಏತಕ್ಕೆ ಬೇಕೆಂಬುದನ್ನೂ, ಎಲ್ಲೆಲ್ಲಿ ನೋಡಿದ್ದಾಯಿತೆಂಬುದನ್ನೂ ಹೇಳಿ ಕೇಳಬೇಕು. ಸಂಪುಟಗಳನ್ನು ಹೊತ್ತು ತರುವ ಪರಿಚಾರಕರನ್ನೂ ಕೇಳಬಹುದು. ಮೂವತ್ತು ವರ್ಷ ಆ ಕಪಾಟುಗಳ ನಡುವೆ ನಡೆದಾಡಿದವರಿಗೆ ಸೂಚಿಗೆ ತಿಳಿಯದ ಸಂಗತಿಗಳು ತಿಳಿದಿರುತ್ತವೆ.

ಈಗ ಗಣಕಯಂತ್ರಗಳು ಬಂದಿರುವಾಗ ಈ ಪಾಡೆಲ್ಲ ಏಕೆಂದು ಕೆಲವರು ಕೇಳಬಹುದು. ನಾವು ಅವುಗಳ ದ್ವೇಷಿಗಳಲ್ಲ. ಭಾರತದ ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳನ್ನು ಶೋಧಗಂಗಾ ಎಂಬ ಭಂಡಾರದಲ್ಲಿ ಇಂದು ಮನೆಯಲ್ಲಿಯೇ ಕುಳಿತು ಓದಬಹುದು. ಅವುಗಳ ಹಿಂಬದಿಯ ಗ್ರಂಥಪಟ್ಟಿಯೊಂದೇ ಸಾಕು, ಒಬ್ಬ ಗುರುವಿನಷ್ಟು ಉಪಕಾರಮಾಡುತ್ತದೆ. ಹಳೆಯ ಗ್ಯಾಸೆಟಿಯರುಗಳೂ ಶಾಸನಸಂಪುಟಗಳೂ ಎಷ್ಟೋ ಬಿಂಬರೂಪದಲ್ಲಿ ದೊರೆಯುತ್ತವೆ. ಆದರೆ ಯಂತ್ರವು ನಾವು ಕೊಟ್ಟ ಶಬ್ದವನ್ನು ಮಾತ್ರ ಹುಡುಕುತ್ತದೆ. ಕನ್ನಡ ಪುಸ್ತಕದ ಹೆಸರನ್ನು ಒಬ್ಬರು ಕನ್ನಡ ಲಿಪಿಯಲ್ಲಿ, ಇನ್ನೊಬ್ಬರು ರೋಮನ್ ಲಿಪಿಯಲ್ಲಿ ತಮಗೆ ತೋಚಿದ ಕಾಗುಣಿತದಿಂದ ಬರೆದಿಟ್ಟಿರುವಾಗ, ಒಂದೇ ಬಗೆಯಲ್ಲಿ ಕೇಳಿದವನಿಗೆ ಅದು ನಿಸ್ಸಂಕೋಚವಾಗಿ “ಇಲ್ಲ” ಎಂದುಬಿಡುತ್ತದೆ. ಹಳೆಯ ಚೀಟಿಗಳಲ್ಲಿದ್ದುದೆಲ್ಲ ಗಣಕಕ್ಕೆ ಏರಿದೆಯೆಂದೂ ವಿಚಾರಿಸದೆ ನಂಬತಕ್ಕದ್ದಲ್ಲ. ನಾವು ಮೂರು ದಿನ ತಡಕಾಡಿ ಹೇಳಿದ ಸುಳ್ಳನ್ನು ಯಂತ್ರವು ಕ್ಷಣದಲ್ಲಿ ಹೇಳುತ್ತದೆ; ಭೇದ ಇಷ್ಟೇ.

ಕೊನೆಯದಾಗಿ, ಮೈಸೂರಿನವರಿಗೆ ಪರಿಚಿತವಾದ ಒಂದು ಸಂಗತಿಯನ್ನು ನೆನಪಿಸಿ ಮುಗಿಸುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರವೆಂಬ ಗ್ರಂಥವೊಂದು ಇದ್ದಿತೆಂಬುದು ಬೇರೆ ಗ್ರಂಥಗಳ ಉಲ್ಲೇಖಗಳಿಂದ ವಿದ್ವಾಂಸರಿಗೆ ಗೊತ್ತಿದ್ದಿತು. ಗ್ರಂಥ ಮಾತ್ರ ನಷ್ಟವಾಯಿತೆಂದು ಎಣಿಸಿದ್ದರು. ತಂಜಾವೂರು ಸೀಮೆಯ ಒಬ್ಬ ಪಂಡಿತರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಯ ಓಲೆಯ ಕಟ್ಟನ್ನು ತಂದುಕೊಟ್ಟರು, ಲಿಪಿ ಗ್ರಂಥಲಿಪಿ. ಅಲ್ಲಿನ ಗ್ರಂಥಪಾಲರಾದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಏನೆಂಬುದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಪ್ರಕಟಿಸಿದರು. ಲೋಕವೆಲ್ಲ “ಇಲ್ಲ” ಎಂದು ಕೈಬಿಟ್ಟಿದ್ದ ಗ್ರಂಥವು ಒಬ್ಬ ಗ್ರಂಥಪಾಲನು ಓಲೆಗಳನ್ನು ಬಿಚ್ಚಿ ಓದಿದುದರಿಂದ “ಇದೆ” ಎಂದಾಯಿತು. ಆ ಗ್ರಂಥದಲ್ಲಿ ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿದವರಿಗೆ ಐದು ವರ್ಷ, ಒಡೆದು ಪಾಳುಬಿದ್ದುದನ್ನು ದುರಸ್ತಿಮಾಡಿದವರಿಗೆ ನಾಲ್ಕು ವರ್ಷ ಕಂದಾಯದ ವಿನಾಯಿತಿಯನ್ನು ಹೇಳಿದೆ. ನಮ್ಮ ತಾತಂದಿರ ಪ್ರಶ್ನೆಗೆ ಇದೂ ಒಂದು ಉತ್ತರವೇ ಆಗಿತ್ತು. ಇದೂ ಆ ದಿನ ನಾವಿದ್ದ ಭಂಡಾರದಲ್ಲಿಯೇ, ರಾಜನೀತಿಯ ಕಪಾಟಿನಲ್ಲಿ ನಿಂತಿತ್ತು.

ಈಗ ನಮ್ಮ ವಿದ್ಯಾರ್ಥಿಗಳು ಬಂದು “ಏನೂ ಇಲ್ಲ, ಸ್ವಾಮಿ” ಎಂದಾಗ, ಎಲ್ಲೆಲ್ಲಿ ನೋಡಿದಿರಿ, ಯಾವ ಯಾವ ಹೆಸರಿನಿಂದ ನೋಡಿದಿರಿ, ಯಾರನ್ನು ಕೇಳಿದಿರಿ ಎಂಬ ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಅವರು ಮತ್ತೆ ಹೋಗುತ್ತಾರೆ. ಬಹುಮಟ್ಟಿಗೆ ಬರಿಗೈಯಲ್ಲಿ ಬರುವುದಿಲ್ಲ.

ಶ್ರೋತೃಗಳಾದ ನೀವೆಲ್ಲರೂ ವಿದ್ಯಾರ್ಥಿಗಳಲ್ಲದಿರಬಹುದು. ಆದರೂ ನಿಮ್ಮ ನಗರದಲ್ಲಿ ವಿದ್ಯಾಲಯದ ಭಂಡಾರವೊಂದಿದ್ದೇ ಇರುತ್ತದೆ. ಅನುಮತಿಯನ್ನು ಕೇಳಿದರೆ ಅನೇಕ ಕಡೆಗಳಲ್ಲಿ ಹೊರಗಿನವರಿಗೂ ಕುಳಿತು ಓದಲು ಅವಕಾಶ ಕೊಡುತ್ತಾರೆ. ನಿಮ್ಮ ಮನೆಯ ಹಿರಿಯರು ಯಾವಾಗಲೋ ಕೇಳಿ, ನೀವು ಉತ್ತರಕೊಡದೆ ಬಿಟ್ಟ ಪ್ರಶ್ನೆಯೊಂದಿದ್ದರೆ, ಅದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಒಂದು ದಿನ ಹೋಗಿರಿ. ಹಿರಿಯರು ಇರುವಾಗಲೇ ಹೋಗಿರಿ.